1919ರ ಜನವರಿ: ಜರ್ಮನ್ ಕಮ್ಯುನಿಸ್ಟರು ಚುನಾವಣೆಗೆ ನಿಲ್ಲಬೇಕಿತ್ತೆ?

ಪರ

ಜರ್ಮನ್ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದೇ ತಪ್ಪು ತೀರ್ಮಾನದೊಂದಿಗೆ. 1918ರ ಡಿಸೆಂಬರ್ 30ರಿಂದ ಮೂರು ದಿನ ಬರ್ಲಿನ್ನಿನಲ್ಲಿ ನಡೆದ ಸ್ಥಾಪನಾ ಅಧಿವೇಶನವು ಹೊಸ ಸಂವಿಧಾನ ಬರೆಯಬೇಕಿದ್ದ ರಾಷ್ಟ್ರೀಯ ಸಭೆಯ ಚುನಾವಣೆಯನ್ನು ಬಹಿಷ್ಕರಿಸಲು 62-23 ಮತಗಳಿಂದ ನಿರ್ಧರಿಸಿತು. ನಿಲ್ಲೋಣ ಎಂದ ಪಕ್ಷದ ನಾಯಕರಾದ ರೋಸಾ ಲಕ್ಸೆಂಬರ್ಗ್, ಪಾಲ್ ಲೆವಿ ಸೋತರು. ಪಕ್ಷದ ಮೂಲವಾದ ಸ್ಪಾರ್ಟಕಸ್ ಬಣದ ಯುವಕರಲ್ಲಿ ಹುರುಪಿಗೆ ಬರವಿರಲಿಲ್ಲ, ಬರವಿದ್ದದ್ದು ಲೆಕ್ಕಕ್ಕೆ.

ಆ ಲೆಕ್ಕ ಹತ್ತು ದಿನ ಮೊದಲೇ ಎಲ್ಲರ ಕಣ್ಣಮುಂದಿತ್ತು. ಡಿಸೆಂಬರ್ 16ರಿಂದ 20ರವರೆಗೆ ಸೇರಿದ್ದ ಕಾರ್ಮಿಕ-ಸೈನಿಕ ಮಂಡಳಿಗಳ (ನವೆಂಬರ್ ಕ್ರಾಂತಿಯಲ್ಲಿ ಕಾರ್ಮಿಕರು, ಸೈನಿಕರು ಆರಿಸಿಕೊಂಡ ಸಮಿತಿಗಳು) ಸಮ್ಮೇಳನ, ಮಂಡಳಿಗಳೇ ಸಂವಿಧಾನದ ತಳಹದಿಯಾಗಲಿ ಎಂಬ ಗೊತ್ತುವಳಿಯನ್ನು 344-98ರಿಂದ ತಳ್ಳಿಹಾಕಿ, ಜನವರಿ 19ಕ್ಕೆ ಮತದಾನ ಗೊತ್ತುಮಾಡಿತ್ತು. ಎಲ್ಲ ಅಧಿಕಾರವೂ ಮಂಡಳಿಗಳಿಗೆ ಎಂದು ಕೂಗುತ್ತಿದ್ದವರು ಅದೇ ಮಂಡಳಿಗಳ ಮಾತು ಮೀರಿದ್ದು ಯಾರ ಹೆಸರಿನಲ್ಲಿ?

ಮತದಾನದ ವಯಸ್ಸು 25ರಿಂದ 20ಕ್ಕೆ ಇಳಿದಿತ್ತು. ಹೆಂಗಸರಿಗೆ, ಸಮವಸ್ತ್ರದಲ್ಲಿದ್ದ ಸೈನಿಕರಿಗೆ ಮತದ ಹಕ್ಕು ಹೊಸದು. ಶೇ. 83ರಷ್ಟು ಮಂದಿ ಮತ ಹಾಕಿದರು. ಸೀಟು ಒಂದೂ ಸಿಗದಿದ್ದರೂ ಹಳ್ಳಿಹಳ್ಳಿಯಲ್ಲಿ ಸಭೆ ಕರೆಯಲು ಅಷ್ಟು ಒಳ್ಳೆಯ ನೆಪ ಮತ್ತೆಲ್ಲಿ ಸಿಗುತ್ತಿತ್ತು? ಲಕ್ಸೆಂಬರ್ಗ್ ಕೇಳಿದ್ದೂ ಅಷ್ಟನ್ನೇ: ರಾಷ್ಟ್ರೀಯ ಸಭೆಯ ವೇದಿಕೆಯಿಂದಲೇ ಆ ಸಭೆಯ ಬಣ್ಣ ಬಯಲು ಮಾಡೋಣ.

ದೊಡ್ಡ ಪೆಟ್ಟು ಬಿದ್ದದ್ದು ಕಾರ್ಖಾನೆಗಳಲ್ಲಿ. 1918ರ ಜನವರಿಯಲ್ಲಿ ಬರ್ಲಿನ್ನಿನ ಮದ್ದುಗುಂಡು ಕಾರ್ಮಿಕರ ಮುಷ್ಕರ ಕಟ್ಟಿದವರು ಲೋಹ ಕಾರ್ಖಾನೆಗಳ ಕ್ರಾಂತಿಕಾರಿ ಪ್ರತಿನಿಧಿಗಳು. ಯಂತ್ರ ನಿಲ್ಲಿಸುವ ಶಕ್ತಿ ಇದ್ದದ್ದು ಅವರ ಕೈಯಲ್ಲಿ. ಹೊಸ ಪಕ್ಷ ಸೇರಲು ಅವರಿಟ್ಟ ಷರತ್ತುಗಳಲ್ಲಿ ಚುನಾವಣಾ ಬಹಿಷ್ಕಾರ ಕೈಬಿಡಬೇಕು ಎಂಬುದೂ ಒಂದು. ಮಾತುಕತೆ ಮುರಿಯಿತು. ಕಾರ್ಖಾನೆಯಲ್ಲಿ ಬೇರಿಲ್ಲದ ಪಕ್ಷಕ್ಕೆ ಉಳಿದದ್ದು ಬೀದಿ ಮಾತ್ರ.

ಕೊನೆಗೆ ಲೆವಿ 1919ರ ಅಕ್ಟೋಬರಿನಲ್ಲಿ ಬಹಿಷ್ಕಾರವಾದಿಗಳನ್ನು ಹೊರಗಟ್ಟಬೇಕಾಯಿತು. 1920ರ ಜೂನಿನಲ್ಲಿ ಪಕ್ಷ ಸ್ಪರ್ಧಿಸಿ 4 ಸ್ಥಾನ ಪಡೆಯಿತು. ಒಂದೂವರೆ ವರ್ಷ ತಡವಾಗಿ, ಅರ್ಧ ಪಕ್ಷ ಕಳೆದುಕೊಂಡು.

ವಿರೋಧ

ಬಹಿಷ್ಕಾರವೇ ಬೀದಿಗೆ ದೂಡಿತು ಎಂಬ ಮಾತು ನಿಲ್ಲುವುದಿಲ್ಲ. ಪೊಲೀಸ್ ಮುಖ್ಯಸ್ಥ ಎಮಿಲ್ ಐಖ್‌ಹಾರ್ನ್‌ನನ್ನು ವಜಾ ಮಾಡಿದ್ದಕ್ಕೆ ಜನವರಿ 5ರಂದು ಬರ್ಲಿನ್ನಿನಲ್ಲಿ ಜನ ಸೇರಿದರು. ಕರೆ ಕೊಟ್ಟವರು ಕಮ್ಯುನಿಸ್ಟರಷ್ಟೇ ಅಲ್ಲ, ಆಳುವ ಸೋಷಿಯಲ್ ಡೆಮಾಕ್ರಾಟ್ ಪಕ್ಷದಿಂದ ಸಿಡಿದು ಚುನಾವಣೆಗೆ ನಿಂತಿದ್ದ ಸ್ವತಂತ್ರ ಸೋಷಿಯಲ್ ಡೆಮಾಕ್ರಾಟರ ಬರ್ಲಿನ್ ಘಟಕ, ಮೇಲೆ ಹೊಗಳಿದ ಕಾರ್ಖಾನೆ ಪ್ರತಿನಿಧಿಗಳು ಕೂಡ. ಅಲ್ಲಿ ಕೆಟ್ಟದ್ದು ನಾಯಕತ್ವ. ಮರುದಿನ ಲಕ್ಷಾಂತರ ಜನ ಚಳಿಯಲ್ಲಿ ನಿಂತಿದ್ದರೆ ಕ್ರಾಂತಿ ಸಮಿತಿ ಒಳಗೆ ಚರ್ಚಿಸುತ್ತಲೇ ಇತ್ತು. ಬೆಂಬಲಕ್ಕೆ ಬರುತ್ತಾರೆಂದು ನಂಬಿದ್ದ ನಾವಿಕರ ದಳ ತಟಸ್ಥವಾಯಿತು. ಆಳುವ ಪಕ್ಷದ ಫೋರ್ವರ್ಟ್ಸ್ ಪತ್ರಿಕೆಯ ಕಟ್ಟಡ ಹಿಡಿದು ಕೂತವರನ್ನು 11ರಂದು ಸೇನೆ ಫಿರಂಗಿಯಿಂದ ಎಬ್ಬಿಸಿತು.

ಚುನಾವಣೆಯಿಂದ ಯಾವುದು ಬದಲಾಗುತ್ತಿತ್ತು? ಅದೇ ಡಿಸೆಂಬರ್ ಸಮ್ಮೇಳನ ಇನ್ನೆರಡು ತೀರ್ಮಾನ ಮಾಡಿತ್ತು: ಸೇನೆಯಲ್ಲಿ ದರ್ಜೆಯ ಪಟ್ಟಿ-ಬಿಲ್ಲೆ ತೆಗೆಯಬೇಕು, ಗಣಿಗಾರಿಕೆ ಸಮಾಜದ ಸ್ವತ್ತಾಗಬೇಕು. ಎರಡೂ ಸೊರಗಿದವು, ಸೇನಾ ತೀರ್ಮಾನವಂತೂ ಸೇನಾಪತಿಗಳ ಒತ್ತಡಕ್ಕೆ ಸರ್ಕಾರದ ಮುಖ್ಯಸ್ಥ ಎಬರ್ಟ್ ಬಗ್ಗಿದ್ದರಿಂದ. ಬಹುಮತದ ಮಾತು ಪವಿತ್ರ ಎನ್ನುವವರು ಈ ಬಹುಮತವನ್ನೂ ನೆನೆಯಲಿ. ಜನವರಿ 4ರಂದು ಎಬರ್ಟ್, ಸರ್ಕಾರದಲ್ಲಿ ಸೇನೆಯ ಹೊಣೆ ಹೊತ್ತಿದ್ದ ನೋಸ್ಕೆ ಇಬ್ಬರೂ ಬರ್ಲಿನ್ ಬಳಿಯ ಝೋಸೆನ್ ಶಿಬಿರದಲ್ಲಿ ಜನರಲ್ ಮೆರ್ಕರ್‌ನ ಸ್ವಯಂಸೇವಕ ಪಡೆಯನ್ನು ನೋಡುತ್ತಿದ್ದರು. ಫೆಬ್ರವರಿ 6ರಂದು ವೈಮಾರ್‌ನಲ್ಲಿ ಸೇರಿದ ರಾಷ್ಟ್ರೀಯ ಸಭೆಗೆ ಕಾವಲು ನಿಂತದ್ದೂ ಅದೇ ಪಡೆ.

ಕಟ್ಟಿದ ಸಂಘಟನೆ, ಪತ್ರಿಕೆ ಎಲ್ಲ ಇದ್ದ ಸ್ವತಂತ್ರ ಸೋಷಿಯಲ್ ಡೆಮಾಕ್ರಾಟರಿಗೇ ಸಿಕ್ಕಿದ್ದು ಶೇ. 7.6 ಮತ, 421ರಲ್ಲಿ 22 ಸ್ಥಾನ. ಮೂರು ವಾರದ ಕೂಸಿಗೆ ಎಷ್ಟು ಸಿಗುತ್ತಿತ್ತು? ಸಂವಿಧಾನಕ್ಕೆ 165ನೇ ವಿಧಿಯಾಗಿ ಕಾರ್ಮಿಕ ಮಂಡಳಿ ಸೇರಿದ್ದು ಫೆಬ್ರವರಿ-ಮಾರ್ಚ್ ಮುಷ್ಕರಗಳ ಬಿಸಿಯಿಂದ, ಆ 22 ಮಂದಿಯ ಭಾಷಣದಿಂದಲ್ಲ.

ಒಂದನ್ನು ಒಪ್ಪಬೇಕು. ಕ್ರಾಂತಿ ಎರಡು ವಾರದಲ್ಲಿ ಗೆದ್ದು ಮುಗಿದೀತು, ಚುನಾವಣೆಯೇ ನಡೆಯದು ಎಂಬ ನಂಬಿಕೆಯಿಂದ ಬಹಿಷ್ಕಾರಕ್ಕೆ ಕೈಯೆತ್ತಿದವರ ಕಾರಣ ಪೊಳ್ಳು. ಹಾಗೆಂದು ಉಮೇದುವಾರಿಕೆ ಗುಂಡಿಗೆ ಅಡ್ಡ ನಿಲ್ಲುತ್ತಿತ್ತು ಎನ್ನಲಾಗದು. ಬವೇರಿಯಾ ರಾಜ್ಯದ ಪ್ರಧಾನಿಯಾಗಿದ್ದ ಸಮಾಜವಾದಿ ಕುರ್ಟ್ ಐಸ್ನರ್ ಚುನಾವಣೆಗೆ ನಿಂತ, ಸೋತ. ಫೆಬ್ರವರಿ 21ರಂದು ರಾಜೀನಾಮೆ ಕೊಡಲು ಮ್ಯೂನಿಕ್‌ನ ಶಾಸನಸಭೆಗೆ ನಡೆದು ಹೋಗುತ್ತಿದ್ದವನನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು.