ಆಟದ ಬೀಜ 11ನೆಯ ನಡೆಯಲ್ಲಿದೆ
1956ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಚದುರಂಗದ ಆಟವೊಂದರಲ್ಲಿ, ಕಪ್ಪು ಕಾಯಿಗಳ ಹದಿಮೂರರ ಹುಡುಗ ಬಾಬಿ ಫಿಷರ್ ಬಿಳಿ ಕಾಯಿಗಳ ಡೊನಾಲ್ಡ್ ಬರ್ನ್ ಎದುರು 17ನೆಯ ನಡೆಯಲ್ಲಿ ರಾಣಿಯನ್ನೇ ಬಲಿಕೊಟ್ಟದ್ದನ್ನು ಆ ಆಟದ ಬಗ್ಗೆ ಬಂದ ಲೇಖನ ಸೊಗಸಾಗಿ ವರ್ಣಿಸಿದೆ. ಆದರೆ 11ನೆಯ ನಡೆಗೂ ಎರಡು ಸಾಲು ಬೇಕಿತ್ತು. ಆಟ ಶುರುವಾದದ್ದು ಗ್ರುನ್‌ಫೆಲ್ಡ್ ಓಪನಿಂಗ್ ಎಂಬ ಆರಂಭದ ನಡೆಗಳ ಕ್ರಮದಲ್ಲಿ; ಅದರಲ್ಲಿ ಕಪ್ಪು ಪಕ್ಷ ಹಲಗೆಯ ನಡುಭಾಗವನ್ನು ಬಿಳಿಗೆ ಬಿಟ್ಟು, ಆಮೇಲೆ ಅದನ್ನೇ ಕೆಡವಲು ನೋಡುತ್ತದೆ. ಬರ್ನ್ ಇನ್ನೂ ಕ್ಯಾಸಲಿಂಗ್ ಮಾಡಿರಲಿಲ್ಲ, ಅಂದರೆ ರಾಜನನ್ನು ಆನೆಯ ಜೊತೆ ಸರಿಸಿ ಭದ್ರಪಡಿಸಿರಲಿಲ್ಲ. ಒಂಟೆಯನ್ನು ಎರಡನೆಯ ಸಲ ನಡೆಸಿ ಜಿ5 ಚೌಕಕ್ಕೆ ತಂದರು (ಅಕ್ಷರ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಹೇಳುತ್ತದೆ). ಅದಕ್ಕೆ 11ನೆಯ ನಡೆಯಾಗಿ ಫಿಷರ್ ಕುದುರೆಯನ್ನು ಎ4ರಲ್ಲಿ ಇಟ್ಟ. ಎಂಥ ನಡೆ! ಬಿಳಿಯ ಕುದುರೆ ಅದನ್ನು ಹೊಡೆದರೆ, ಕಪ್ಪಿನ ಇನ್ನೊಂದು ಕುದುರೆ ಇ4ರ ಕಾಲಾಳನ್ನು ಹೊಡೆದು ಸಿ5ರ ರಾಣಿಗೂ ಜಿ5ರ ಒಂಟೆಗೂ ಒಟ್ಟಿಗೇ ಗುರಿಯಿಡುತ್ತದೆ. ಹಲಗೆಯ ಮೇಲೆ ಕಾಯಿ ಜೋಡಿಸಿ ಇಲ್ಲಿಂದಲೇ ಆಡಿ ನೋಡಿ. ಬರ್ನ್ ಅದನ್ನು ಹೊಡೆಯದೆ ರಾಣಿಯನ್ನು ಎ3ಕ್ಕೆ ಸರಿಸಿದ್ದು ಏಕೆಂದು ತಿಳಿಯುತ್ತದೆ.