ಮನೆ ಬಿಟ್ಟು ಓಡದ ಹುಡುಗಿ

ಪುಣೆಯ ಕೋಥ್ರೂಡಿನ ನಮ್ಮ ಕನ್ನಡ ಗೆಳತಿಯರ ನಡುವೆ ಕೆಲವು ವಾರಗಳಿಂದ ಒಂದು ಹಳೆಯ ಅಮೆರಿಕನ್ ಧಾರಾವಾಹಿಯ ಮಾತು ನಡೆದಿದೆ. 2000ದಿಂದ 2007ರವರೆಗೆ 7 ಸೀಸನ್‌ಗಳಲ್ಲಿ ಪ್ರಸಾರವಾದ ‘ಗಿಲ್ಮೋರ್ ಗರ್ಲ್ಸ್’ ಅದು. ಮಕ್ಕಳ ಜೊತೆ ಕುಳಿತು ನೋಡಿದ ತಾಯಂದಿರೆಲ್ಲ ಅದರ ನಾಯಕಿ ರೋರಿಯ ಓದನ್ನೂ ಅವಳ ತಾಯಿಯ ಚುರುಕು ನಾಲಿಗೆಯನ್ನೂ ಬಾಯ್ತುಂಬ ಹೊಗಳುತ್ತಾರೆ. ರೋರಿಯ ಗೆಳತಿ ಲೇನ್ ಕಿಮ್‌ಳ ವಿಷಯ ಬಂದರೆ ಮಾತ್ರ, “ಅವಳೇನ್ರೀ, ಹೆತ್ತ ತಾಯಿಗೆ ಎಷ್ಟು ಸುಳ್ಳು ಹೇಳ್ತಾಳೆ!” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತು ನನ್ನ ಮನಸ್ಸಿಗೆ ಹತ್ತಿತು. ಅಲ್ಲಿಯೇ ಉತ್ತರಿಸಲು ಆಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಲೇನ್ ಕೊರಿಯನ್ ಮೂಲದ ಹುಡುಗಿ. ಕೇಕೊ ಅಗೇನಾ ಆ ಪಾತ್ರ ಮಾಡಿದ್ದಾರೆ. ತಾಯಿ ಮಿಸೆಸ್ ಕಿಮ್ ಹಳೆಯ ಪೀಠೋಪಕರಣಗಳ ಅಂಗಡಿ ನಡೆಸುವ, ಕಟ್ಟುನಿಟ್ಟಾದ ಕ್ರೈಸ್ತ ಆಚಾರದ ಹೆಂಗಸು. ಆ ಮನೆಯಲ್ಲಿ ರಾಕ್ ಸಂಗೀತಕ್ಕೆ ಪ್ರವೇಶವಿಲ್ಲ. ಲೇನ್ ತನ್ನ ಕೋಣೆಯ ನೆಲದ ಹಲಗೆಗಳನ್ನು ಎತ್ತಿ, ಅವುಗಳ ಕೆಳಗೆ ಸಿ.ಡಿ.ಗಳನ್ನು ಜೋಡಿಸಿಡುತ್ತಾಳೆ. ನಾವು ನಕ್ಕು ಮುಂದೆ ಹೋಗುವ ದೃಶ್ಯವಿದು. ಆದರೆ ಅವಳ ಕೈಗಳನ್ನು ಗಮನಿಸಿ ನೋಡಿ. ಹಲಗೆಯನ್ನು ಸದ್ದಾಗದಂತೆ ಎತ್ತುವ, ಬೇಕಾದ ಸಿ.ಡಿ.ಯನ್ನು ತಡಕಾಡದೆ ತೆಗೆಯುವ ಆ ಕೈಗಳಲ್ಲಿ ಕಳ್ಳತನಕ್ಕಿಂತ ದೇವರ ಗೂಡಿನ ಬಾಗಿಲು ತೆಗೆಯುವವರ ಶ್ರದ್ಧೆಯೇ ಹೆಚ್ಚಾಗಿ ಕಾಣುತ್ತದೆ.

ಮೂರನೆಯ ಸೀಸನ್‌ನಲ್ಲಿ ಅವಳು ತನ್ನ ವಾದ್ಯವನ್ನು ಕಂಡುಕೊಳ್ಳುತ್ತಾಳೆ. ಊರಿನ ವಾದ್ಯದಂಗಡಿಯ ಒಡತಿಯನ್ನು ಕಾಡಿ ಬೇಡಿ, ಅಲ್ಲಿ ಡ್ರಮ್ ಬಾರಿಸಲು ಒಪ್ಪಿಗೆ ಪಡೆಯುತ್ತಾಳೆ. ಅದೇ ಕಂತಿನಲ್ಲಿ ಕೂದಲಿಗೆ ನೇರಳೆ ಬಣ್ಣ ಹಾಕಿಸಿಕೊಂಡು, ತಾಯಿಯ ಮುಖ ನೆನಪಾಗಿ ಗಾಬರಿಯಿಂದ ಮತ್ತೆ ಕಪ್ಪು ಬಣ್ಣ ಬಳಿಸಿಕೊಳ್ಳುತ್ತಾಳೆ. ಇವಳನ್ನು ಬಂಡಾಯಗಾರ್ತಿ ಎನ್ನುವವರು ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕೂದಲಿನ ಬಣ್ಣವನ್ನು ಅವಳು ಬಿಟ್ಟುಕೊಟ್ಟಳು, ಡ್ರಮ್ಮನ್ನು ಬಿಟ್ಟುಕೊಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಾಯಿಯ ಮೇಲೆ ಗೆಲುವಲ್ಲ; ತಾಯಿಯೂ ಬೇಕು, ತಾಳವೂ ಬೇಕು ಎಂಬುದೇ ಅವಳ ಸಂಕಟ. ಎರಡನ್ನೂ ಉಳಿಸಿಕೊಳ್ಳಲು ಹೊರಟವರಿಗೆ ಸುಳ್ಳು ಹೇಳದೆ ಬೇರೆ ದಾರಿ ಯಾವುದಿತ್ತು ಎಂದು ನಾನು ಗೆಳತಿಯರನ್ನು ಕೇಳಬೇಕೆಂದಿದ್ದೇನೆ.

ಪುಣೆಯಲ್ಲಿ ನೆಲೆಸಿದ ನಾವು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುವ ಕಥೆ ಭೀಮಸೇನ ಜೋಶಿಯವರದು. 1933ರಲ್ಲಿ, ಕೇವಲ 11 ವರ್ಷದ ಹುಡುಗ, ಗುರುವನ್ನು ಹುಡುಕುತ್ತ ಗದಗಿನ ಮನೆ ಬಿಟ್ಟು ಹೋದರು. ರೈಲು ಹತ್ತಿ ಗ್ವಾಲಿಯರ್ ಮುಟ್ಟಿದರು, ಅಲ್ಲಿ ಇಲ್ಲಿ ಅಲೆದು ಜಾಲಂಧರದವರೆಗೂ ಹೋದರು. ಕೊನೆಗೆ ತಂದೆಯೇ ಪತ್ತೆಹಚ್ಚಿ ಕರೆತಂದರು. ಆಮೇಲೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು, ಅಲ್ಲಿನ ಚಾಕರಿ ಮಾಡುತ್ತ ಕಲಿತರು. ಗುರುವಿನ ನೆನಪಿನಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವಕ್ಕೆ ನಾವು ಇಂದಿಗೂ ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಹೋಗಿ ಕುಳಿತುಕೊಳ್ಳುತ್ತೇವೆ. ಹುಡುಗ ಮನೆ ಬಿಟ್ಟು ಹೋದ ಪ್ರಸಂಗವನ್ನು ಮಕ್ಕಳಿಗೆ ಪುಣ್ಯಕಥೆಯಂತೆ ಹೇಳುತ್ತೇವೆ. ಹೇಳಲೇಬೇಕು, ಅದು ಅಂಥ ಜೀವನ. ಆದರೆ ಎಷ್ಟು ದಿನ ಆ ತಾಯಿ ಬಾಗಿಲು ಕಾದಿರಬಹುದು ಎಂದು ನಾವ್ಯಾರೂ ಲೆಕ್ಕ ಹಾಕುವುದಿಲ್ಲ. ಸಂಗೀತಕ್ಕಾಗಿ ಮನೆಯನ್ನೇ ಬಿಟ್ಟವನನ್ನು ಸಾಧಕನೆಂದು ಕೈಮುಗಿಯುವ ನಾವು, ಸಂಗೀತಕ್ಕಾಗಿ ಮನೆಯೊಳಗೇ ಬಚ್ಚಿಟ್ಟುಕೊಂಡು ಬದುಕಿದವಳನ್ನು ಸುಳ್ಳಿ ಎನ್ನುವುದು ಯಾವ ನ್ಯಾಯ?

ಇಷ್ಟು ಕಾವಿನಿಂದ ಬರೆಯಲು ನನಗೆ ನನ್ನದೇ ಕಾರಣವಿದೆ. ಹುಬ್ಬಳ್ಳಿಯಲ್ಲಿ ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ತಬಲಾ ಕಲಿಯಬೇಕೆಂದು ಹೋದೆ. ಕಲಿಸುವವರು ನನ್ನ ಕೈಯನ್ನು ನೋಡಲೂ ಇಲ್ಲ, “ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಛಲೋ” ಎಂದರು. ಘಟಂ ಹುಡುಗಿಯರ ಕೈಗಲ್ಲ ಎಂಬ ಮಾತು ಕೇಳಿಸಿಕೊಂಡೂ ಸುಕನ್ಯಾ ರಾಮಗೋಪಾಲ್ ಅದರಲ್ಲೇ ಹೆಸರು ಮಾಡಿದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗಿದ್ದದ್ದು ಅಡುಗೆಮನೆಯ ಮೂಲೆಯ ಜೋಳದ ತಗಡಿನ ಡಬ್ಬಿ. ಅವ್ವ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಸದ್ದು ಶುರುವಾದ ಕೂಡಲೇ ನಾನು ಅದರ ಮುಚ್ಚಳದ ಮೇಲೆ ತೀನ್‌ತಾಲ ಹಿಡಿಯುತ್ತಿದ್ದೆ. ಒಗೆಯುವ ಸದ್ದು ನಿಂತರೆ ನನ್ನ ಬೆರಳೂ ನಿಲ್ಲುತ್ತಿದ್ದವು.

ಧಾರಾವಾಹಿ ಬರೆದವರ ಮೇಲೂ ನನ್ನ ತಕರಾರಿದೆ. ನಾಲ್ಕನೆಯ ಸೀಸನ್‌ನಲ್ಲಿ ತಾಯಿಗೆ ಎಲ್ಲವೂ ತಿಳಿದು ಲೇನ್ ಮನೆಯಿಂದ ಹೊರಬೀಳುತ್ತಾಳೆ. ಮುಂದೆ ಅದೇ ತಾಯಿ ಮಗಳ ‘ಹೆಪ್ ಏಲಿಯನ್’ ತಂಡದ ಪ್ರವಾಸಕ್ಕೆ ಚರ್ಚುಗಳಲ್ಲಿ ವ್ಯವಸ್ಥೆ ಮಾಡಿಕೊಡುತ್ತಾಳೆ. ಅಲ್ಲಿಯವರೆಗೆ ಎಷ್ಟು ಚೆನ್ನಾಗಿ ತಂದಿದ್ದರು! ಆದರೆ ಮದುವೆಯಾದೊಡನೆ ಅವಳಿಗೆ ಅವಳಿ ಮಕ್ಕಳು, ಕೊನೆಗೆ ಗಿಟಾರ್ ನುಡಿಸುವ ಗಂಡ ಪ್ರವಾಸಕ್ಕೆ ಹೊರಡುತ್ತಾನೆ, ಡ್ರಮ್ ಬಾರಿಸುವವಳು ಮನೆಯಲ್ಲಿ ಉಳಿಯುತ್ತಾಳೆ. ಮಕ್ಕಳಾದದ್ದಕ್ಕೆ ನನ್ನ ಆಕ್ಷೇಪವಿಲ್ಲ. ನೆಲದ ಹಲಗೆಯ ಕೆಳಗೂ ಉಳಿದುಕೊಂಡಿದ್ದ ಆ ಹಂಬಲ ಎಲ್ಲಿ ಹೋಯಿತೆಂದು ಒಂದು ಕಂತಿನಲ್ಲಾದರೂ ಯಾರಾದರೂ ಕೇಳಬೇಕಿತ್ತು.

ಆದರೂ ಮಿಸೆಸ್ ಕಿಮ್‌ಳನ್ನು ಖಳನಾಯಕಿಯಾಗಿ ನೋಡಲು ನನ್ನಿಂದಾಗದು. ಆರನೆಯ ಸೀಸನ್‌ನಲ್ಲಿ, ಮಗಳ ಮದುವೆಗೆ ಬೌದ್ಧಳಾದ ತನ್ನ ತಾಯಿ ಕೊರಿಯಾದಿಂದ ಬರುವಾಗ ಅವಳೂ ತನ್ನ ಕ್ರೈಸ್ತ ನಂಬಿಕೆಯನ್ನು ಮುಚ್ಚಿಡುತ್ತಾಳೆ. ಎಮಿಲಿ ಕುರೋಡಾ ಆ ಗಾಬರಿಯನ್ನು ಬಹಳ ಸಂಯಮದಿಂದ ಅಭಿನಯಿಸಿದ್ದಾರೆ. ನೋಡುತ್ತಿದ್ದ ನನ್ನ ಮಗಳು, “ಅಮ್ಮ, ಇವರ ಮನೆಯಲ್ಲಿ ಎಲ್ಲರೂ ಅಡಗಿಸಿಡುವವರೇ” ಎಂದಳು. ಅವಳು ಈ ಸಲ ಗಣೇಶೋತ್ಸವಕ್ಕೆ ಢೋಲ್-ತಾಶಾ ಪಥಕ, ಅಂದರೆ ಮೆರವಣಿಗೆಯಲ್ಲಿ ವಾದ್ಯ ಬಾರಿಸುವ ತಂಡ, ಸೇರಿದ್ದಾಳೆ. ಸಂಜೆ ನದಿಯ ದಂಡೆಯಲ್ಲಿ ಸೊಂಟಕ್ಕೆ ಢೋಲ್ ಕಟ್ಟಿಕೊಂಡು ಅಭ್ಯಾಸ ಮಾಡಿ, ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡು ಬರುತ್ತಾಳೆ. ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿಲ್ಲ.

ಆ ಗುಳ್ಳೆಗಳ ಫೋಟೊ ಹುಬ್ಬಳ್ಳಿಗೆ ಕಳಿಸಿ, ಅವ್ವನಿಗೆ ಫೋನ್ ಮಾಡಿ, ಇಷ್ಟು ವರ್ಷಗಳ ಮೇಲೆ ಜೋಳದ ಡಬ್ಬಿಯ ವಿಷಯ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮುಚ್ಚಳ ಅಷ್ಟು ತಗ್ಗು ಬಿದ್ದಿತ್ತು, ನನಗ ಕಾಣಲಿಲ್ಲ ಅಂತ ತಿಳಕೊಂಡಿದ್ಯೇನು? ನಿಮ್ಮಪ್ಪ ಮನ್ಯಾಗ ಇದ್ದಾಗೆಲ್ಲ ನಿನ್ನ ಹಿಟ್ಟಿನ ಗಿರಣಿಗೆ ಯಾಕ ಕಳಿಸ್ತಿದ್ದೆ ಮತ್ತ” ಎಂದಳು.