ರೀಲು ಹಾಕಿದ ಮೇಲೆ ಮೋಡ

ಮೋಡ ತರಿಸೋಕೆ ಸುಲಭದ ದಾರಿ ಒಂದಿದೆ. ಕ್ಯಾಮೆರಾಕ್ಕೆ ಐಎಸ್ಒ 50ರ, ಅಂದರೆ ತುಂಬಾ ಬೆಳಕು ಬೇಡುವ ರೀಲು ಹಾಕಿ, ಸಾಕು.

ಡಬ್ಬಿ ಬಿಚ್ಚುವಾಗ ಬಿಸಿಲು ಚೆನ್ನಾಗೇ ಇರುತ್ತದೆ. ರೀಲಿನ ತುದಿ ಸಿಕ್ಕಿಸಿ, ಹಿಂಬಾಗಿಲು ಮುಚ್ಚಿ, ಲಿವರ್ ಎಳೆದು ತಲೆಯೆತ್ತಿದರೆ ಆಕಾಶ ಮುಖ ಗಂಟು ಹಾಕಿಕೊಂಡಿರುತ್ತದೆ. ಮರದ ನೆರಳಿಗೆ ಹೋದರಂತೂ ಷಟರ್ 1/15 ಸೆಕೆಂಡಿಗೆ ಇಳಿಯುತ್ತದೆ. ಅಷ್ಟು ಹೊತ್ತು ಸುಮ್ನೆ ನಿಲ್ಲುವ ಹೂವನ್ನು ನಾನಂತೂ ಕಂಡಿಲ್ಲ.

ಸರಿ ಅಂತ ಇನ್ನೊಂದು ದಿನ ಕಡಿಮೆ ಬೆಳಕೇ ಸಾಕಾಗುವ 400 ಹಾಕಿಕೊಂಡು ಹೊರಟರೆ, ಅವತ್ತು ರಣಬಿಸಿಲು. 400ರ ರೀಲಿಗೆ ಅಂಥ ಬಿಸಿಲಲ್ಲಿ ಲೆನ್ಸಿನ ಕಿಂಡಿ ಕಿರಿದಾಗಿರುವ ಎಫ್/16ಕ್ಕೇ ಸುಮಾರು 1/500 ಬೇಕು. ಹಿನ್ನೆಲೆ ಮಸುಕಾಗಲಿ ಅಂತ ಕಿಂಡಿಯನ್ನು ಎಫ್/2.8ಕ್ಕೆ ತೆರೆದರೆ ಲೆಕ್ಕ 1/16000ಕ್ಕೆ ಹೋಗುತ್ತದೆ. ನನ್ನ ಹಳೇ ಕ್ಯಾಮೆರಾ 1/1000ಕ್ಕೇ ಕೈಮುಗಿಯುತ್ತದೆ. ಡಿಜಿಟಲ್‌ನವರು ಒಂದು ಗುಂಡಿ ತಿರುಗಿಸಿ ಐಎಸ್ಒ ಬದಲಿಸಿಕೊಳ್ಳುತ್ತಾರೆ. ನಮಗೆ 36 ಫೋಟೋ ಮುಗಿಯುವ ತನಕ ಅದೇ ಗತಿ.

ಬಣ್ಣದ ವಿಷಯ ಇನ್ನೂ ತಮಾಷೆ. ಬೆಟ್ಟ, ಕಾಡು ತೆಗೆಯುವವರಿಗೆ 1990ರಲ್ಲಿ ಬಂದ ವೆಲ್ವಿಯಾ ರೀಲು ಅಂದರೆ ಪ್ರಾಣ. ಹಸಿರು ಕಣ್ಣಿಗೆ ಕಂಡದ್ದಕ್ಕಿಂತ ಜಾಸ್ತಿ ಹಸಿರಾಗಿ ಬರುತ್ತದೆ. ಮನುಷ್ಯರ ಮುಖಕ್ಕೆ ಅಷ್ಟು ಬಣ್ಣ ಆಗಿಬರುವುದಿಲ್ಲ, ಅದಕ್ಕೆ ಮೆತ್ತಗಿನ ಬಣ್ಣದ ಪೋರ್ಟ್ರಾ ರೀಲು ಇದೆ. ಆದರೆ ಬೆಟ್ಟಕ್ಕೆ ಅಂತ ರೀಲು ಹಾಕಿದಾಗಲೇ ನೆಂಟರು ಬೆಟ್ಟದ ಮುಂದೆ ಬಂದು ನಿಲ್ಲುತ್ತಾರೆ, ಅಲ್ವಾ?

ನಮ್ಮ ಸೋದರತ್ತೆ ಹಾಗೆ ನಿಂತವರು. ಬಿಸಿಲು ಚುರುಗುಟ್ಟುತ್ತದೆ ಅಂತ ನೆರಳು ಹುಡುಕಿ ನಿಂತರು. ಕ್ಯಾಮೆರಾದಲ್ಲಿದ್ದದ್ದು ಸ್ಲೈಡ್ ರೀಲು, ಪ್ರಿಂಟ್ ಹಾಕದೆ ಬೆಳಕು ಹಾಯಿಸಿ ಗೋಡೆ ಮೇಲೆ ನೋಡುವಂಥದ್ದು. ಹಗಲಿನ ಬಣ್ಣದ ರೀಲುಗಳನ್ನು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಏರಿದಷ್ಟೂ ನೀಲಿ) ಬೆಳಕಿಗೆ ಹೊಂದಿಸಿರುತ್ತಾರೆ. ನೆರಳಲ್ಲಿ ಬೀಳುವುದು ನೀಲಿ ಆಕಾಶದ ಬೆಳಕು. ಅದು 7000 ದಾಟುವುದು ಮಾಮೂಲು. ನಮ್ಮ ಕಣ್ಣು ಹೊಂದಿಕೊಂಡು ಹೋಗುತ್ತದೆ, ರೀಲಿಗೆ ಆ ಗುಣ ಇಲ್ಲ. ನೆಗೆಟಿವ್ ಆಗಿದ್ದರೆ ಪ್ರಿಂಟ್ ಹಾಕುವಾಗ ಅಷ್ಟಿಷ್ಟು ತಿದ್ದಬಹುದಿತ್ತು. ಸ್ಲೈಡಿನಲ್ಲಿ ಬಂದದ್ದೇ ಬಂತು.

ಗೋಡೆಯ ಮೇಲೆ ಸ್ಲೈಡ್ ಬಿದ್ದಾಗ ಅತ್ತೆ ನೀಲಿಗಟ್ಟಿದ್ದರು. ತುಂಬಾ ಹೊತ್ತು ನೋಡಿದರು. "ಅವತ್ತು ನನಗೆ ಹುಷಾರಿರಲಿಲ್ಲ ಅನ್ಸುತ್ತೆ. ಯಾಕೋ ನೀವ್ಯಾರೂ ಹೇಳ್ಲೇ ಇಲ್ಲ?" ಅಂದರು. ಕೆಲ್ವಿನ್ ಬಗ್ಗೆ ಹೇಳಿದೆ. ಆತ ಯಾವ ಡಾಕ್ಟರು ಅಂತ ಕೇಳಿದರು.

ಮುಂದಿನ ಸಲ ನೀಲಿ ಕಳೆಯಲಿ ಅಂತ ಲೆನ್ಸಿಗೆ 81ಎ ಫಿಲ್ಟರ್ ಹಾಕಿಕೊಂಡು ಹೋದೆ. ತೆಳು ಹಳದಿ ಗಾಜು, ನೆರಳಿಗೆ ಹೇಳಿಮಾಡಿಸಿದ್ದು. ಅತ್ತೆ ಈ ಸಲ ನೆರಳಿನ ತಂಟೆಗೇ ಹೋಗಲಿಲ್ಲ. ಹೊಳೆ ದಂಡೆಯಲ್ಲಿ, ಮುಳುಗುವ ಸೂರ್ಯನಿಗೆ ಮುಖ ಮಾಡಿ ನಿಂತರು. ಫಿಲ್ಟರ್ ಬಿಚ್ಚುತ್ತೇನೆ ಅಂದರೆ, "ಕತ್ತಲಾಗುತ್ತೆ, ಬೇಗ ತೆಗಿ" ಅಂತ ಅವಸರ. ಸಂಜೆಯ ಬೆಳಕು ಮೊದಲೇ ಹಳದಿ, ಮೇಲೆ ಗಾಜಿನ ಹಳದಿ.

"ಕಾಮಾಲೆ" ಅಂದರು, ಸ್ಲೈಡ್ ನೋಡಿ. ಈ ಸಲ ಅನುಮಾನವೇ ಇರಲಿಲ್ಲ ಅವರಿಗೆ.

ಈಗ ಅವರು ನಿಲ್ಲುವ ಮೊದಲೇ "ಯಾವ ರೀಲು ಹಾಕಿದ್ದೀಯ?" ಅಂತ ಕೇಳುತ್ತಾರೆ. ಮೊನ್ನೆ ಅವರಿಗೆಂದೇ ಪೋರ್ಟ್ರಾ 160 ಹಾಕಿ, ಫಿಲ್ಟರ್ ಬಿಚ್ಚಿ, ಮನೆ ಮುಂದೆ ಕಾದು ನಿಂತೆ. ಮಳೆ ಹನಿಯಿತು ಅಂತ ಅತ್ತೆ ಹೊರಗೇ ಬರಲಿಲ್ಲ. ಕಾಮನಬಿಲ್ಲು ಬಂತು. ಅದೂ ಜೋಡಿ.